ಆಟದ ಬಾಯ್ಲರು, ದಿಟದ ಒತ್ತಡ

ಗಣಕಯಂತ್ರದ ಮುಂದೆ ಗಂಟೆಗಟ್ಟಲೆ ಕುಳಿತು ಹಡಗು ಕಟ್ಟುವ ಮಗನನ್ನೋ ಮೊಮ್ಮಗನನ್ನೋ ಕಂಡು ಬೇಸರಪಡುವ ಹಿರಿಯರು ನಮ್ಮ ಸಂಘದಲ್ಲಿಯೂ ಇದ್ದಾರು. ಬೇಸರಪಡುವ ಮುನ್ನ ಅವನು ಕಟ್ಟುತ್ತಿರುವುದೇನೆಂದು ಒಮ್ಮೆ ವಿಚಾರಿಸುವುದು ಲೇಸು. ‘ಫ್ರಮ್ ದ ಡೆಪ್ತ್ಸ್’ ಎಂಬ ಆಟದಲ್ಲಿ ಆಟಗಾರನು ಬಾಯ್ಲರು, ಉಗಿಕೊಳವೆ, ಪಿಸ್ಟನ್ನುಗಳನ್ನು ತಾನೇ ಜೋಡಿಸಿ ಹಡಗಿಗೆ ಚಾಲನೆ ಕೊಡಬಹುದು. ಅಷ್ಟಕ್ಕೆ ತೃಪ್ತರಾಗದವರು ಹೊಸ ಭಾಗಗಳನ್ನೇ ರಚಿಸಿ ಆಟಕ್ಕೆ ಸೇರಿಸುವುದೂ ಉಂಟು. ವಿಷಯ ಸ್ವಾರಸ್ಯಕರವಾಗುವುದು ಇಲ್ಲಿಯೇ.

ಬಾಯ್ಲರನ್ನು ಹಿಗ್ಗಿಸಿದಷ್ಟೂ ಶಕ್ತಿ ಹೆಚ್ಚೀತೆಂಬುದು ಹೊಸಬನ ಮೊದಲ ಆಸೆ. ಪ್ರಕೃತಿ ಇದನ್ನು ಒಪ್ಪದು. ಉದ್ದ, ಅಗಲ, ಎತ್ತರಗಳನ್ನು ಇಮ್ಮಡಿಗೊಳಿಸಿದರೆ ಒಳಗಿನ ನೀರು 8 ಪಟ್ಟಾಗುತ್ತದೆ. ಬೆಂಕಿ ತಾಗುವ ಮೈಯಾದರೋ ಕೇವಲ 4 ಪಟ್ಟು. 1829ರಲ್ಲಿ ಇಂಗ್ಲೆಂಡಿನ ರೇನ್‌ಹಿಲ್ ಸ್ಪರ್ಧೆಯನ್ನು ಗೆದ್ದ ಸ್ಟೀಫನ್‌ಸನ್ನರ ‘ರಾಕೆಟ್’ ಉಗಿಬಂಡಿಯಲ್ಲಿ ಬಾಯ್ಲರಿನ ಒಡಲೊಳಗೆ 25 ತಾಮ್ರದ ಕೊಳವೆಗಳನ್ನು ಹಾಯಿಸಿ, ಅವುಗಳ ಮೂಲಕ ಬಿಸಿ ಅನಿಲವನ್ನು ಹರಿಸಿದ್ದರು. ಬಾಯ್ಲರು ಬೆಳೆಯಲಿಲ್ಲ, ಕಾಯುವ ಮೈ ಬೆಳೆಯಿತು. ಆಟದ ಬಾಯ್ಲರನ್ನು ರಚಿಸುವವನೂ ಶಕ್ತಿಯನ್ನು ಗಾತ್ರದಿಂದಲ್ಲ, ಕೊಳವೆಗಳ ಮೈಯಿಂದ ಎಣಿಸಬೇಕು.

ಇನ್ನು ಗೋಡೆಯ ಮಾತು. ಉರುಳೆಯಾಕಾರದ ಪಾತ್ರೆಯ ಗೋಡೆಯನ್ನು ಸೀಳುವ ಬಲವನ್ನು ತಿಳಿಯಲು ಒಳಗಿನ ಒತ್ತಡವನ್ನು ತ್ರಿಜ್ಯದಿಂದ ಗುಣಿಸಿ ದಪ್ಪದಿಂದ ಭಾಗಿಸಬೇಕು. ತ್ರಿಜ್ಯ ಎರಡು ಪಟ್ಟಾದರೆ ಅದೇ ಒತ್ತಡವನ್ನು ತಾಳಲು ಗೋಡೆಯೂ ಎರಡು ಪಟ್ಟು ದಪ್ಪವಾಗಬೇಕು. ಈ ಲೆಕ್ಕ ಕಬ್ಬಿಣಕ್ಕಷ್ಟೇ ಮೀಸಲಲ್ಲ. ಮಹಾಪಧಮನಿ ಒಂದೆಡೆ ಉಬ್ಬಿದರೆ ಉಬ್ಬಿದಷ್ಟೂ ಗೋಡೆಯ ಮೇಲಿನ ಸೆಳೆತ ಹೆಚ್ಚುತ್ತದೆ, ಒಡೆಯುವ ಭಯವೂ ಹೆಚ್ಚುತ್ತದೆ. ದೀರ್ಘಕಾಲ ರಕ್ತದೊತ್ತಡವಿರುವವರ ಹೃದಯದ ಎಡಗೋಡೆ ದಪ್ಪವಾಗುವುದೂ ಈ ಸೆಳೆತವನ್ನು ತಾಳಿಕೊಳ್ಳುವುದಕ್ಕೇ. ಆದರೆ ಆ ದಪ್ಪವೇ ಮುಂದೆ ಹೃದಯಕ್ಕೆ ಹೊರೆಯಾಗುತ್ತದೆ. ಔಷಧವನ್ನು ಮರೆಯುವ ಅಜ್ಜನಿಗೆ ಇದನ್ನು ಮೊಮ್ಮಗನೇ ವಿವರಿಸಬಹುದು!

ಗೋಡೆಯನ್ನು ಕಡೆಗಣಿಸಿದ ಕಥೆ ಅಮೆರಿಕದಲ್ಲಿ ನಡೆದಿದೆ. 1865ರ ಏಪ್ರಿಲ್ 27ರಂದು ಮಿಸಿಸಿಪಿ ನದಿಯಲ್ಲಿ ಮೆಂಫಿಸ್ ನಗರದ ಸಮೀಪ ‘ಸುಲ್ತಾನಾ’ ಎಂಬ ಉಗಿಹಡಗಿನ ಬಾಯ್ಲರುಗಳು ಸಿಡಿದು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹುಪಾಲು ಯುದ್ಧಖೈದಿನಿಂದ ಬಿಡುಗಡೆಯಾಗಿ ಮನೆಗೆ ಮರಳುತ್ತಿದ್ದ ಸೈನಿಕರು. ಕೆಲವೇ ದಿನಗಳ ಹಿಂದೆ ಒಂದು ಬಾಯ್ಲರಿನ ಉಬ್ಬಿದ ಭಾಗಕ್ಕೆ ಮೂಲಕ್ಕಿಂತ ತೆಳುವಾದ ತಗಡಿನ ತೇಪೆಯನ್ನು ಅವಸರದಿಂದ ಹಾಕಲಾಗಿತ್ತು.

ಆದಕಾರಣ, ಸಿಡಿಯಲಾರದ ಬಾಯ್ಲರನ್ನು ರಚಿಸುವುದು ಆಟದಲ್ಲಿ ಸುಲಭವಾದರೂ ನನ್ನ ಮಟ್ಟಿಗೆ ಅದು ಮೋಸ. ದಪ್ಪ ಗೋಡೆಯನ್ನು ಬಯಸಿದವನ ಹಡಗು ಭಾರವಾಗಬೇಕು. ಒತ್ತಡ ಮೀರಿದಾಗ ಸುರಕ್ಷಾ ಕವಾಟ ತೆರೆದು, ಉಗಿ ವ್ಯರ್ಥವಾಗಿ, ವೇಗ ಇಳಿಯಬೇಕು. ಆ ನಷ್ಟವನ್ನು ಸಹಿಸದೆ ಕವಾಟವನ್ನು ಬಿಗಿದವನ ಬಾಯ್ಲರು ಸಿಡಿದು, ಪಕ್ಕದ ಪಿಸ್ಟನ್ನುಗಳೂ ಅದರೊಂದಿಗೆ ನೀರು ಪಾಲಾಗಬೇಕು.