ಐರ್ಲೆಂಡಿನ ಹಳೆಯ ಹಳ್ಳಿಮನೆಗಳ ಪೀಠೋಪಕರಣಗಳು

ಒಂದು ಜನಾಂಗದ ಚರಿತ್ರೆಯು ಅರಮನೆ ಶಾಸನಗಳಲ್ಲಿ ಮಾತ್ರ ಅಡಗಿರುವುದಿಲ್ಲ; ಬಡವನ ಮನೆಯ ಮಣೆ ಮಂಚಗಳೂ ಅದನ್ನು ಹೇಳಬಲ್ಲವು. ಐರ್ಲೆಂಡಿನ ಹಳೆಯ ಹಳ್ಳಿಮನೆಗಳ ಪೀಠೋಪಕರಣಗಳು ಇದಕ್ಕೆ ಉತ್ತಮ ನಿದರ್ಶನ.

ಹದಿನೆಂಟನೆಯ ಶತಮಾನದ ಹೊತ್ತಿಗೆ ಆ ದ್ವೀಪದ ಕಾಡುಗಳು ಬಹುಮಟ್ಟಿಗೆ ನಾಶವಾಗಿದ್ದವು. ಗೇಣಿ ರೈತನಿಗೆ ಮರವು ದುರ್ಲಭ ವಸ್ತುವಾಗಿತ್ತು. ಆದುದರಿಂದ ಜೌಗುನೆಲದಲ್ಲಿ ಸಾವಿರಾರು ವರ್ಷ ಹೂತಿದ್ದರೂ ಗಾಳಿ ಸೋಕದೆ ಕೆಡದೆ ಉಳಿದ ಓಕ್, ಪೈನ್ ದಿಮ್ಮಿಗಳನ್ನು ಜನರು ಅಗೆದು ತೆಗೆಯುತ್ತಿದ್ದರು. ಕರಾವಳಿಯವರು ಕಡಲು ದಡಕ್ಕೆ ತಂದ ಹಲಗೆಗಳನ್ನು ಆಯ್ದುಕೊಳ್ಳುತ್ತಿದ್ದರು. ಮರ ಸಾಲದೆಡೆಯಲ್ಲಿ ಹುಲ್ಲು ನೆರವಾಯಿತು. ಹುಲ್ಲು ಹೊಸೆದು ಮಾಡಿದ ಹಗ್ಗವನ್ನು ಐರಿಷ್ ಭಾಷೆಯಲ್ಲಿ ‘ಸೂಗಾನ್’ ಎನ್ನುತ್ತಾರೆ. ಅದನ್ನು ಆಸನವಾಗಿ ಹೆಣೆದ ಕುರ್ಚಿಯೂ ಅದೇ ಹೆಸರಿನಿಂದ ಪ್ರಸಿದ್ಧವಾಯಿತು.

ಇಕ್ಕಟ್ಟಾದ ಆ ಮನೆಗಳಲ್ಲಿ ಒಂದೊಂದು ವಸ್ತುವೂ ಎರಡು ಕೆಲಸ ಮಾಡಬೇಕಾಗಿತ್ತು. ‘ಸೆಟ್ಲ್ ಬೆಡ್’ ಎಂಬುದು ಹಗಲಿನಲ್ಲಿ ಎತ್ತರದ ಒರಗುಳ್ಳ ಬೆಂಚು; ರಾತ್ರಿ ಅದರ ಆಸನವನ್ನು ಮುಂದಕ್ಕೆ ಮಗುಚಿದರೆ ಪೆಟ್ಟಿಗೆಯಾಕಾರದ ಹಾಸಿಗೆ ಸಿದ್ಧವಾಗುತ್ತಿತ್ತು. ಗೋಡೆಗೆ ಕೀಲುಗಳಿಂದ ಜೋಡಿಸಿದ ಮೇಜನ್ನು ಊಟದ ವೇಳೆಗೆ ಇಳಿಸಿ, ಬಳಿಕ ಮೇಲಕ್ಕೆ ಮಡಿಸಿಡುತ್ತಿದ್ದರು. ಡ್ರೆಸ್ಸರ್ ಎಂಬ ಎತ್ತರದ ಕಪಾಟಿನ ಮೇಲಿನ ಹಲಗೆಗಳಲ್ಲಿ ಗೃಹಿಣಿಯ ಹೆಮ್ಮೆಯ ತಟ್ಟೆಗಳು ಶೋಭಿಸುತ್ತಿದ್ದರೆ, ಕೆಲವು ಮನೆಗಳಲ್ಲಿ ಅದರ ಕೆಳಭಾಗವೇ ಕೋಳಿಗೂಡಾಗಿರುತ್ತಿತ್ತು! ಸಾಮಾನುಗಳನ್ನೆಲ್ಲ ಗೋಡೆಗೆ ಒತ್ತಿ ಇಡುತ್ತಿದ್ದುದರಿಂದ ನಡುಮನೆಯು ಕೆಲಸಕ್ಕೂ ಕುಣಿತಕ್ಕೂ ತೆರವಾಗಿರುತ್ತಿತ್ತು.

ಸಣ್ಣ ಮಣೆಯಲ್ಲಿಯೂ ವಿವೇಕವಿತ್ತು. ಏರುತಗ್ಗಿನ ಮಣ್ಣುನೆಲದ ಮೇಲೆ ನಾಲ್ಕು ಕಾಲಿನ ಪೀಠ ಅಲುಗಾಡುತ್ತದೆ, ಮೂರು ಕಾಲಿನದು ಅಲುಗಾಡದು. ಹೊಗೆಗೂಡಿಲ್ಲದ ಮನೆಯಲ್ಲಿ ಹೊಗೆ ಮೇಲೆ ಕವಿಯುವುದರಿಂದ, ತಗ್ಗಾಗಿ ಕುಳಿತವರಿಗೆ ಉಸಿರಾಟ ಸುಲಭವಾಗುತ್ತಿತ್ತು.

ಇಪ್ಪತ್ತನೆಯ ಶತಮಾನದಲ್ಲಿ ಹೊಸ ಮನೆಗಳೂ ಕಾರ್ಖಾನೆಯ ಸಾಮಾನುಗಳೂ ಬಂದವು. ಹಳೆಯವು ಬಡತನದ ಗುರುತೆಂದೆನಿಸಿ ಎಷ್ಟೋ ಕೊಟ್ಟಿಗೆ ಸೇರಿದವು, ಎಷ್ಟೋ ಒಲೆ ಸೇರಿದವು. ಉಳಿದವುಗಳನ್ನು ಹುಡುಕಿ ಅಭ್ಯಸಿಸಿದ ವಿದುಷಿ ಕ್ಲಾಡಿಯಾ ಕಿನ್ಮಂತ್ ಅವರ ಗ್ರಂಥವು 1993ರಲ್ಲಿ ಪ್ರಕಟವಾಯಿತು. 2001ರಲ್ಲಿ ಮೇಯೋ ಕೌಂಟಿಯ ಕ್ಯಾಸಲ್‌ಬಾರ್ ಸಮೀಪದಲ್ಲಿ ಗ್ರಾಮಜೀವನಕ್ಕೆಂದೇ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಶಾಖೆಯೊಂದು ತೆರೆಯಿತು.

ಈ ವಸ್ತುಗಳನ್ನು ಮಾಡಿದ ಬಡಗಿಗಳಲ್ಲಿ ಬಹುಮಂದಿಯ ಹೆಸರು ಇಂದು ಯಾರಿಗೂ ತಿಳಿಯದು. ಅವರ ಬುದ್ಧಿಶಕ್ತಿಗೆ ಈ ಬೆಂಚು ಮಣೆಗಳೇ ಸಾಕ್ಷಿ. ಅವು ಒಲೆಗೆ ಬಿದ್ದರೆ ಸುಡುವುದು ಕೇವಲ ಕಟ್ಟಿಗೆಯಲ್ಲ. ಬರೆದಿಡಲಾಗದ ಜನರು ಬಿಟ್ಟುಹೋದ ಏಕೈಕ ಬರಹವೇ ಬೂದಿಯಾಗುತ್ತದೆ. ಯಾವ ನಾಡಿನವರೇ ಆಗಲಿ, ಹಳತೆಂದು ಹೊರಗೆಸೆಯುವ ಮುನ್ನ ಇದನ್ನು ನೆನೆಯುವುದು ಲೇಸು.