ಅಮ್ಮನಿಗೆ ಇದ್ದಕ್ಕಿದ್ದಂತೆ ಎಲ್ಲ ನೆನಪಾದರೆ?

ಎರಡು ವರ್ಷದಿಂದ ಹೆತ್ತ ಮಗನನ್ನೇ 'ಯಾರಪ್ಪಾ ನೀನು?' ಅಂತ ಕೇಳ್ತಿದ್ದ ತಾಯಿ ಒಂದು ಬೆಳಗ್ಗೆ ಅವನನ್ನ ಹೆಸರಿಡಿದು ಕರೀತಾರೆ. 'ತಿಂಡಿ ಆಯ್ತಾ?' ಅಂತಾರೆ. ಊರಲ್ಲಿರುವ ತಂಗಿಯನ್ನ ವಿಚಾರಿಸ್ತಾರೆ. ಮನೆಯಲ್ಲಿ ಹಬ್ಬ! ಅಮ್ಮ ಹುಷಾರಾದ್ರು ಅಂತ ಎಲ್ಲರಿಗೂ ಫೋನು. ಮೂರನೇ ದಿನ ಅಮ್ಮ ಇಲ್ಲ.

ದೀಪ ಆರೋ ಮುಂಚೆ ಜೋರಾಗಿ ಉರಿಯುತ್ತೆ ಅಂತ ಹಿರಿಯರು ಹೇಳ್ತಿದ್ದದ್ದು ಇದನ್ನೇ. ಜರ್ಮನಿಯ ಜೀವವಿಜ್ಞಾನಿ ಮೈಕೆಲ್ ನಾಮ್ 2009ರಲ್ಲಿ ಇದಕ್ಕೆ 'ಟರ್ಮಿನಲ್ ಲುಸಿಡಿಟಿ' ಅಂತ ಹೆಸರಿಟ್ಟರು. ಅವರು ಹಳೇ ದಾಖಲೆಗಳಿಂದ ಹೆಕ್ಕಿದ ಪ್ರಕರಣಗಳಲ್ಲಿ ಬಹುಪಾಲು ಜನ ವಾರದೊಳಗೆ ತೀರಿಕೊಂಡಿದ್ದರು. ಹಾಗಂತ ತಿಳಿವು ಬಂದ ತಕ್ಷಣ ಅಳೋಕೆ ಕೂರಬೇಡಿ. ಲೆವಿ ಬಾಡಿ ಅನ್ನೋ ಬಗೆಯ ಡಿಮೆನ್ಷಿಯಾದಲ್ಲಿ ಬೆಳಗ್ಗೆ ಚೆನ್ನಾಗಿದ್ದು ಸಂಜೆ ಮಂಕಾಗೋದು ಮಾಮೂಲು.

ನಾನು ಓದಿದ್ದು ಎಂಜಿನಿಯರಿಂಗ್. ನನ್ನ ತಲೆಗೆ ಬರೋ ಪ್ರಶ್ನೆ ಒಂದೇ: ಹಾರ್ಡ್ ಡಿಸ್ಕ್ ಸುಟ್ಟಿದ್ರೆ ಫೈಲ್ ತೆರೆದುಕೊಂಡಿದ್ದು ಹೇಗೆ? ಆಲ್ಝೈಮರ್‌ನಲ್ಲಿ ಸತ್ತ ನರಕೋಶ ಮೂರು ದಿನದ ಮಟ್ಟಿಗೆ ಎದ್ದು ಬರಲ್ಲ. ಹಾಗಾದ್ರೆ ಅಳಿಸಿಹೋಯ್ತು ಅಂದುಕೊಂಡ ನೆನಪಲ್ಲಿ ಒಂದಿಷ್ಟು ಒಳಗೇ ಇತ್ತು, ದಾರಿ ಮುಚ್ಚಿತ್ತು ಅಂತಲೇ ಅಲ್ವಾ? ಅಮೆರಿಕದ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆನ್ ಏಜಿಂಗ್ 2018ರಲ್ಲಿ ತಜ್ಞರನ್ನು ಸೇರಿಸಿ, ಆಮೇಲೆ ಸಂಶೋಧನೆಗೆ ದುಡ್ಡೂ ಕೊಟ್ಟಿತು. ಆ ದಾರಿ ತೆರೆದದ್ದು ಹೇಗೆ ಅನ್ನೋದಕ್ಕೆ ಇನ್ನೂ ಉತ್ತರ ಸಿಕ್ಕಿಲ್ಲ. ಆದರೆ ಅವರ ಮಂಚದ ಪಕ್ಕದಲ್ಲೇ ನಿಂತು 'ಇವರಿಗೇನೂ ತಿಳಿಯಲ್ಲ ಬಿಡಿ' ಅನ್ನೋದನ್ನಂತೂ ನಾವು ನಿಲ್ಲಿಸಬಹುದು.

ಇಂಥ ಹೊತ್ತಲ್ಲಿ ಆಗೋ ಎಡವಟ್ಟೇನು ಗೊತ್ತಾ? ರೋಗ ವಾಸಿಯಾಯ್ತು ಅಂತ ಮಾತ್ರೆ ನಿಲ್ಲಿಸ್ತಾರೆ. ಮನೆಯಲ್ಲೇ ನೆಮ್ಮದಿಯಾಗಿರಲಿ ಅಂತ ಡಾಕ್ಟರ್ ಕಳಿಸಿದವರನ್ನ ಮತ್ತೆ ಐಸಿಯುಗೆ ಸೇರಿಸ್ತಾರೆ. ಇನ್ನು ಕೆಲವರು, ಹೇಳೋಕೆ ನಾಚಿಕೆಯಾಗುತ್ತೆ, ಆಸ್ತಿಪತ್ರ ಹಿಡಿದು ಓಡಿ ಬರ್ತಾರೆ. ಬುದ್ಧಿ ಸ್ವಸ್ಥವಾಗಿರುವ ಅವಧಿಯಲ್ಲಿ ವಿಲ್ ಬರೆಯಬಹುದು ಅಂತ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 59ನೇ ಸೆಕ್ಷನ್ ಹೇಳುತ್ತೆ, ನಿಜ. ಆದರೆ ಮಗನ ಹೆಸರು ನೆನಪಾದ ಮಾತ್ರಕ್ಕೆ ಯಾವ ಸೈಟು ಯಾರಿಗೆ ಹೋಗುತ್ತೆ ಅನ್ನೋದು ಅರ್ಥವಾಯ್ತು ಅಂತಲ್ಲ. ನಾಳೆ ತಕರಾರು ಎದ್ದರೆ, ಆ ವಿಲ್ ಸರಿಯಾಗಿದೆ ಅಂತ ಕೋರ್ಟಲ್ಲಿ ಸಾಬೀತು ಮಾಡಬೇಕಾದವರು ಅದನ್ನ ತಂದವರೇ.

ಡಾಕ್ಟರಿಗೆ ತಿಳಿಸಿ. 'ಇವನ್ಯಾರು ಹೇಳು, ಅವಳ್ಯಾರು ಹೇಳು' ಅಂತ ಪರೀಕ್ಷೆ ಇಡಬೇಡಿ. ದೂರದಲ್ಲಿರುವ ಮಗಳಿಗೆ ವಿಡಿಯೋ ಕಾಲ್ ಮಾಡಿ ಕೊಡಿ. ಭಾನುವಾರ ಬರ್ತೀನಿ ಅಂದರೆ, ಇವತ್ತೇ ಬಾ ಅನ್ನಿ.