ಬೀರುವಿನ ಕೀಲಿ ಯಾರ ಕೈಯಲ್ಲಿ?

ನಮ್ಮ ಹಳ್ಳಿಗಳ ಎಷ್ಟೋ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಗ್ರಂಥಾಲಯವೆಂದರೆ ಒಂದು ಕಬ್ಬಿಣದ ಬೀರು. ಮುಖ್ಯ ಶಿಕ್ಷಕರ ಕೊಠಡಿಯಲ್ಲಿ, ಸುತ್ತಿಟ್ಟ ನಕ್ಷೆಗಳು, ಹಾಜರಿ ಪುಸ್ತಕ, ಬಿಸಿಯೂಟದ ಲೆಕ್ಕದ ವಹಿಗಳ ಪಕ್ಕದಲ್ಲಿ ಅದು ನಿಂತಿರುತ್ತದೆ. ಒಳಗೆ ಇನ್ನೂರೋ ಮುನ್ನೂರೋ ಪುಸ್ತಕ, ಹೊರಗೆ ಬೀಗ. ಕೆಲವು ಶಾಲೆಗಳಲ್ಲಿ ಮಾತ್ರ ಪ್ರಾರ್ಥನೆ ಮುಗಿದ ಕೂಡಲೇ ಬಾಗಿಲು ಕಿರ್ರೆನ್ನುತ್ತದೆ, ಮಕ್ಕಳು ಮುಗಿಬೀಳುತ್ತಾರೆ. ಬೀರುವೂ ಅದೇ, ಪುಸ್ತಕಗಳೂ ಅವೇ. ಕೀಲಿ ಒಬ್ಬ ಟೀಚರ ಸೆರಗಿನ ತುದಿಗೋ ಒಬ್ಬ ಮೇಷ್ಟ್ರ ಜೇಬಿಗೋ ಬಂದಿರುತ್ತದೆ, ಅಷ್ಟೇ ವ್ಯತ್ಯಾಸ.

ಇವರ ನೇಮಕಾತಿ ಆದೇಶದಲ್ಲಿ ‘ಗ್ರಂಥಪಾಲಕ’ ಎಂಬ ಪದವಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯು ಪ್ರತಿ ಶಾಲೆಯಲ್ಲೂ ಗ್ರಂಥಾಲಯ ಇರಬೇಕು, ಅಲ್ಲಿ ದಿನಪತ್ರಿಕೆ, ನಿಯತಕಾಲಿಕೆ, ಕಥೆಪುಸ್ತಕ ಸಿಗಬೇಕು ಎನ್ನುತ್ತದೆ. ಎಷ್ಟು ಮಕ್ಕಳಿಗೆ ಎಷ್ಟು ಶಿಕ್ಷಕರು, ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ 200 ದಿನ, ಆರರಿಂದ ಎಂಟಕ್ಕೆ 220 ದಿನ ಪಾಠ ನಡೆಯಬೇಕು ಎಂಬುದನ್ನೂ ಅದೇ ಅನುಸೂಚಿ ಲೆಕ್ಕ ಹಾಕಿ ಹೇಳುತ್ತದೆ. ಆದರೆ ಆ ಪುಸ್ತಕಗಳನ್ನು ನೋಡಿಕೊಳ್ಳುವವರು ಯಾರು ಎಂಬ ಮಾತು ಅದರಲ್ಲಿಲ್ಲ. ಕೇಂದ್ರೀಯ ವಿದ್ಯಾಲಯಗಳಲ್ಲಿ ಗ್ರಂಥಪಾಲಕರ ಹುದ್ದೆ ಉಂಟು. ಊರಿನ ಪ್ರಾಥಮಿಕ ಶಾಲೆಯಲ್ಲಿ ಗಣಿತ, ಪರಿಸರ, ಬಿಸಿಯೂಟದ ನಡುವೆ ಬಿಡುವು ಮಾಡಿಕೊಂಡ ಶಿಕ್ಷಕರೇ ಈ ಕೆಲಸ ಮಾಡಬೇಕು.

ಕುತೂಹಲದ ಸಂಗತಿಯೆಂದರೆ, ಭಾರತದ ಗ್ರಂಥಾಲಯ ವಿಜ್ಞಾನಕ್ಕೆ ಅಡಿಪಾಯ ಹಾಕಿದವರೂ ಮೊದಲು ಗಣಿತದ ಮೇಷ್ಟ್ರೇ. ಎಸ್. ಆರ್. ರಂಗನಾಥನ್ 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ತರಬೇತಿಗೆಂದು ಲಂಡನ್ನಿಗೆ ಹೋಗಿದ್ದಾಗ ಅಲ್ಲಿನ ಅಂಗಡಿಯೊಂದರಲ್ಲಿ ಮೆಕ್ಯಾನೋ ಆಟಿಕೆ ಕಣ್ಣಿಗೆ ಬಿತ್ತು. ಅವೇ ಕೆಲವು ಪಟ್ಟಿ, ನಟ್ಟು, ಬೋಲ್ಟುಗಳನ್ನು ಬೇರೆ ಬೇರೆಯಾಗಿ ಜೋಡಿಸಿ ಹೊಸ ಹೊಸ ಆಟಿಕೆ ಮಾಡುವುದನ್ನು ಕಂಡು, ಪುಸ್ತಕಗಳ ವಿಷಯಗಳನ್ನೂ ಹೀಗೇ ಜೋಡಿಸಬಹುದಲ್ಲ ಎಂದು ಅವರಿಗೆ ಹೊಳೆಯಿತಂತೆ. ಕೋಲನ್ ವರ್ಗೀಕರಣ ಹುಟ್ಟಿದ್ದು ಹಾಗೆ. 1931ರಲ್ಲಿ ಅವರು ಪ್ರಕಟಿಸಿದ ಐದು ಸೂತ್ರಗಳನ್ನು ಜಗತ್ತಿನ ಗ್ರಂಥಪಾಲಕರು ಇಂದಿಗೂ ಓದುತ್ತಾರೆ. 1962ರಲ್ಲಿ ಬೆಂಗಳೂರಿನಲ್ಲಿ ಅವರು ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು. ಅವರ ಜನ್ಮದಿನವೆಂದು ದಾಖಲಾದ ಆಗಸ್ಟ್ 12 ನಮ್ಮಲ್ಲಿ ಗ್ರಂಥಪಾಲಕರ ದಿನ.

ಅವರ ಮೊದಲ ಸೂತ್ರದ ತಿರುಳು ಬಹಳ ಸರಳ: ಪುಸ್ತಕವಿರುವುದು ಬಳಸುವುದಕ್ಕೆ. ಯುರೋಪಿನ ಹಳೆಯ ಗ್ರಂಥಾಲಯಗಳಲ್ಲಿ ಪುಸ್ತಕಗಳನ್ನು ಸರಪಳಿಯಿಂದ ಕಪಾಟಿಗೆ ಬಿಗಿಯುತ್ತಿದ್ದರು ಎಂಬುದನ್ನು ಅವರು ಈ ಸೂತ್ರ ವಿವರಿಸುವಾಗ ನೆನೆಯುತ್ತಾರೆ. ನಮ್ಮ ಶಾಲೆಗಳಲ್ಲಿ ಸರಪಳಿಯಿಲ್ಲ, ಬೀರುವಿನ ಬೀಗವಿದೆ.

ಬೀಗ ತೆಗೆದ ಟೀಚರ ಮೊದಲ ಕೆಲಸ ಪುಸ್ತಕಗಳನ್ನು ಬೀರುವಿನಿಂದ ಆಚೆಗೆ ತರುವುದು. ಬೆನ್ನು ತೋರಿಸುತ್ತ ಸಾಲಾಗಿ ನಿಂತ ಪುಸ್ತಕ ದೊಡ್ಡವರಿಗೆ ಅನುಕೂಲ. ಓದಲು ಇನ್ನೂ ಕಲಿಯುತ್ತಿರುವ ಮಗುವಿಗೆ ಪುಸ್ತಕದ ಮುಖ ಕಾಣಬೇಕು, ಚಿತ್ರ ಕಾಣಬೇಕು. ನಲಿಕಲಿ ಕೊಠಡಿಗಳಲ್ಲಿ ಮಕ್ಕಳ ಚಿತ್ರಗಳನ್ನು ತೂಗುಹಾಕಲು ಚಪ್ಪರ ಕಟ್ಟಿರುತ್ತಾರಲ್ಲ, ಅದೇ ಉಪಾಯ ಇಲ್ಲಿಗೂ ಒದಗುತ್ತದೆ. ಗೋಡೆಯುದ್ದಕ್ಕೆ ಮಗುವಿನ ಎದೆಮಟ್ಟದಲ್ಲಿ ದಾರ ಕಟ್ಟಿ, ತೆಳು ಪುಸ್ತಕಗಳನ್ನು ನಡುಪುಟಕ್ಕೆ ಬಿಡಿಸಿ, ಬಟ್ಟೆ ಒಣಹಾಕಿದಂತೆ ತೂಗುಬಿಟ್ಟರೆ ಮುಗಿಯಿತು. ಕೆಳಗೊಂದು ಜಮಖಾನ ಹಾಸಿದರೆ ಓದುವ ಮೂಲೆ ಸಿದ್ಧ.

ಇನ್ನು ಪುಸ್ತಕಗಳ ವಿಂಗಡಣೆ. ದೊಡ್ಡ ಗ್ರಂಥಾಲಯಗಳು ಬಳಸುವ ಡ್ಯೂಯಿ ಪದ್ಧತಿಯಲ್ಲಿ ಜಾನಪದ ಕಥೆಗಳಿಗೆ 398.2 ಎಂಬ ಸಂಖ್ಯೆ. ಎರಡನೇ ತರಗತಿಯ ಮಗು ಇದನ್ನು ಕಟ್ಟಿಕೊಂಡು ಏನು ಮಾಡೀತು? ಅದರ ಬದಲು ಬಣ್ಣದ ಚುಕ್ಕಿ ಅಂಟಿಸುವುದು ಒಳ್ಳೆಯ ದಾರಿ. ಬೆಂಗಳೂರಿನಲ್ಲಿ 2004ರಲ್ಲಿ ಶುರುವಾದ ಪ್ರಥಮ್ ಬುಕ್ಸ್ ತನ್ನ ಪುಸ್ತಕಗಳನ್ನು ನಾಲ್ಕು ಹಂತಗಳಾಗಿ ವಿಂಗಡಿಸುತ್ತದೆ. ಮೊದಲ ಹಂತದಲ್ಲಿ ಪದಗಳು ಕಡಿಮೆ, ಬಂದ ಪದವೇ ಮತ್ತೆ ಮತ್ತೆ ಬರುತ್ತದೆ. ನಾಲ್ಕನೆಯದು ಸರಾಗವಾಗಿ ಓದಬಲ್ಲವರಿಗೆ. ಚುಕ್ಕಿ ಪುಸ್ತಕಕ್ಕೆ ಮಾತ್ರ, ಮಗುವಿಗಲ್ಲ ಎಂಬುದನ್ನು ಅನುಭವಸ್ಥರು ಮರೆಯುವುದಿಲ್ಲ. ಐದನೇ ತರಗತಿಯ ಹುಡುಗ ಮೊದಲ ಹಂತದ ಆನೆಯ ಪುಸ್ತಕವನ್ನೇ ನಾಲ್ಕನೇ ಸಲ ಒಯ್ದರೂ ಬೇಡ ಎನ್ನಬಾರದು.

ದಿನದ ಜೀವಾಳ ಗಟ್ಟಿ ಓದು. ಹತ್ತೇ ನಿಮಿಷದ ಈ ಕೆಲಸಕ್ಕೆ ಹಿಂದಿನ ರಾತ್ರಿಯ ತಯಾರಿ ಬೇಕು: ಪುಸ್ತಕವನ್ನು ಒಮ್ಮೆ ತಾನೇ ಓದಿಕೊಂಡು, ಎಲ್ಲಿ ದನಿ ತಗ್ಗಿಸಬೇಕು, ಎಲ್ಲಿ ಪುಟ ತಿರುಗಿಸದೆ ತಡೆಯಬೇಕು ಎಂದು ಗುರುತು ಮಾಡಿಕೊಳ್ಳಬೇಕು. ಓದುವಾಗ ಪುಸ್ತಕ ಮಕ್ಕಳ ಕಡೆಗೆ ತಿರುಗಿರುತ್ತದೆ, ಟೀಚರು ಪಕ್ಕದಿಂದ ಕಣ್ಣು ಹಾಯಿಸಿ ಓದುತ್ತಾರೆ. ಮುಖಪುಟ ತೋರಿಸಿ ಬರೆದವರ ಹೆಸರಿನ ಜೊತೆಗೆ ಚಿತ್ರ ಬರೆದವರ ಹೆಸರನ್ನೂ ಹೇಳುತ್ತಾರೆ. ‘ಮುಂದೇನಾಗಬಹುದು?’ ಎಂದು ಕೇಳಿ ಸುಮ್ಮನಾಗುತ್ತಾರೆ. ಮನೆಯಲ್ಲಿ ತುಳು, ಕೊಂಕಣಿ, ಲಂಬಾಣಿ, ಉರ್ದು ಆಡುವ ಮಗು ತನ್ನ ಮಾತಿನಲ್ಲೇ ಉತ್ತರ ಕೊಟ್ಟರೆ ಅದನ್ನೂ ಒಪ್ಪಿಕೊಳ್ಳುತ್ತಾರೆ. ಕಥೆ ಮುಗಿದ ಮೇಲೆ ನೀತಿ ಕೇಳುವುದಿಲ್ಲ, ಪ್ರಶ್ನೋತ್ತರ ಬರೆಸುವುದಿಲ್ಲ. ಪುಸ್ತಕವನ್ನು ದಾರಕ್ಕೆ ತೂಗುಹಾಕಿ ಎದ್ದುಬಿಡುತ್ತಾರೆ. ಮಧ್ಯಾಹ್ನ ಊಟದ ಗಂಟೆ ಹೊಡೆಯುವಷ್ಟರಲ್ಲಿ ಅದೇ ಪುಸ್ತಕಕ್ಕೆ ಮೂರು ಮಕ್ಕಳು ಜಗಳವಾಡುತ್ತಿರುತ್ತಾರೆ.

ಪುಸ್ತಕ ಕೊಡುವ, ತೆಗೆದುಕೊಳ್ಳುವ ಲೆಕ್ಕವನ್ನು ಮಕ್ಕಳಿಗೇ ವಹಿಸಬಹುದು. ಉದ್ದನೆಯ ನೋಟ್‌ಬುಕ್ಕಿನಲ್ಲಿ ಒಂದೊಂದು ಮಗುವಿಗೆ ಒಂದೊಂದು ಪುಟ: ತಾರೀಖು, ಪುಸ್ತಕದ ಹೆಸರು, ತಂದುಕೊಟ್ಟಾಗ ಸಹಿ. ನಾಲ್ಕನೇ ತರಗತಿಯ ಇಬ್ಬರು ವಾರಕ್ಕೊಮ್ಮೆ ಸರದಿಯಂತೆ ಇದನ್ನು ನೋಡಿಕೊಂಡರೆ, ಟೀಚರಿಗೆ ಯಾವ ಮಗು ಯಾವ ಪುಸ್ತಕವನ್ನು ಹುಡುಕುತ್ತಿದೆ ಎಂದು ಗಮನಿಸಲು ಸಮಯ ಸಿಗುತ್ತದೆ. ತಿಂಗಳ ಕೊನೆಗೆ ಪುಟಗಳನ್ನು ತಿರುವಿದರೆ ಒಂದೇ ಒಂದು ಪುಸ್ತಕವನ್ನೂ ಒಯ್ಯದ ಮಗು ಯಾವುದು ಎಂಬುದೂ ತಿಳಿಯುತ್ತದೆ. ಆ ಮಗುವಿನ ಪಕ್ಕ ಕುಳಿತು ಹಾವು, ಕ್ರಿಕೆಟ್ಟು, ಟ್ರ್ಯಾಕ್ಟರು, ಯಾವುದು ಇಷ್ಟ ಎಂದು ಮಾತಿಗೆಳೆಯಬೇಕು. ಎಲ್ಲರಿಗೂ ಕಥೆಯೇ ರುಚಿಸಬೇಕೆಂದಿಲ್ಲ. ಶಿವರಾಮ ಕಾರಂತರು 1936ರಷ್ಟು ಹಿಂದೆಯೇ ಮೂರು ಸಂಪುಟಗಳ ‘ಬಾಲ ಪ್ರಪಂಚ’ ತಂದು ಕನ್ನಡದ ಮಕ್ಕಳ ಮುಂದೆ ಜಗತ್ತಿನ ಸಂಗತಿಗಳನ್ನು ಹರಡಿದ್ದರು. ಮಾಹಿತಿಯ ಪುಸ್ತಕವೂ ಮಕ್ಕಳ ಹಸಿವೇ ಎಂಬುದನ್ನು ಅವರು ಆಗಲೇ ಕಂಡುಕೊಂಡಿದ್ದರು.

ಹರಿದ ಪುಸ್ತಕದ ಆರೈಕೆ ಇನ್ನೊಂದು ಕೆಲಸ. ಸೆಲ್ಲೋಟೇಪು ಒಂದೆರಡು ವರ್ಷದಲ್ಲಿ ಹಳದಿಯಾಗಿ ಪುಟವನ್ನೂ ಕೆಡಿಸುತ್ತದೆ. ತೆಳು ಕಾಗದದ ಪಟ್ಟಿಗೆ ಗೋಂದು ಸವರಿ ಅಂಟಿಸುವುದು ವಾಸಿ. ಬೀರು ಗೋಡೆಗೆ ತಾಗಿದ್ದರೆ ಗೆದ್ದಲಿಗೆ ದಾರಿಯಾಗುತ್ತದೆ, ಒಂದು ಗೇಣು ಜಾಗ ಬಿಡಬೇಕು. ಮಲೆನಾಡಿನ ಮಳೆಗಾಲದಲ್ಲಿ ಪುಟಗಳಿಗೆ ಬೂಷ್ಟು ಹಿಡಿಯುತ್ತದೆ, ಗಾಳಿಯಾಡುವ ನೆರಳಲ್ಲಿ ಪುಸ್ತಕಗಳನ್ನು ಬಿಡಿಸಿಡಬೇಕು. ದಿನವೂ ಕೈಯಿಂದ ಕೈಗೆ ಹೋಗುವ ಪುಸ್ತಕಕ್ಕೆ ಈ ಕಾಟ ಕಡಿಮೆ.

ಇಷ್ಟೆಲ್ಲ ಸುಲಭವಿದ್ದೂ ಬೀಗ ಬೀಳುವುದು ಯಾಕೆ? ಸೋಮಾರಿತನದಿಂದಲ್ಲ, ಭಯದಿಂದ. ಪ್ರತಿ ಪುಸ್ತಕವೂ ದಾಸ್ತಾನು ವಹಿಯಲ್ಲಿ ದಾಖಲಾಗಿರುತ್ತದೆ. ಮುಖ್ಯ ಶಿಕ್ಷಕರು ವರ್ಗವಾಗಿ ಹೊರಟಾಗ ಚಾರ್ಜು ವಹಿಸಿಕೊಡಬೇಕು. ಪಟ್ಟಿಯಲ್ಲಿ ಮುನ್ನೂರು ಪುಸ್ತಕವಿದ್ದು ಬೀರುವಿನಲ್ಲಿ ಇನ್ನೂರೆಪ್ಪತ್ತಿದ್ದರೆ ಉತ್ತರ ಹೇಳಬೇಕಾದವರು ಅವರೇ. ಓದಿ ಓದಿ ಹರಿದ ಪುಸ್ತಕಕ್ಕೂ ಕಳೆದುಹೋದ ಪುಸ್ತಕಕ್ಕೂ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ ಎಂಬ ಅಂಜಿಕೆಯೇ ಬೀಗಕ್ಕೆ ಕೀಲಿ ತಿರುಗಿಸುತ್ತದೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ವರ್ಷಕ್ಕೊಮ್ಮೆ ಹರಿದ ಪುಸ್ತಕಗಳನ್ನು ಎಲ್ಲರೆದುರು ಇಟ್ಟು, ಇವು ಓದಿ ಹರಿದವು ಎಂದು ಬರೆದು ಸಹಿ ಮಾಡಿಸಿಕೊಂಡರೆ ಈ ಅಂಜಿಕೆ ಎಷ್ಟೋ ತಗ್ಗುತ್ತದೆ.

ಶಾಲೆಯ ಆಚೆಗೂ ಒಂದು ಆಸರೆ ಇದೆ. 2019ರಲ್ಲಿ ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ತೆಕ್ಕೆಗೆ ಬಂದವು. ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದ 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಗಿ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಸಿಕ್ಕಿತು. ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಜಾಲತಾಣ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಪುಸ್ತಕಗಳು ಖರ್ಚಿಲ್ಲದೆ ಸಿಗುತ್ತವೆ, ಮುದ್ರಿಸಿಕೊಂಡು ಹೊಲಿದರೆ ಬೀರುವಿಗೆ ಹೊಸ ಪುಸ್ತಕ.

ನವೆಂಬರ್ 14ರಿಂದ ಗ್ರಂಥಾಲಯ ಸಪ್ತಾಹ. ಆದರೆ ಅಲ್ಲಿಯವರೆಗೆ ಕಾಯಬೇಕಿಲ್ಲ. ಮುಂದಿನ ಸಲ ಊರಿಗೆ ಹೋದಾಗ ನೀವು ಅಕ್ಷರ ಕಲಿತ ಶಾಲೆಗೆ ಒಮ್ಮೆ ಹೋಗಿ ಬನ್ನಿ. ಪುಸ್ತಕ ದಾನ ಮಾಡುವ ಮೊದಲು ಗ್ರಂಥಾಲಯದ ಉಸ್ತುವಾರಿ ಯಾರದು ಎಂದು ಕೇಳಿ, ಆ ಟೀಚರ ಜೊತೆ ಅರ್ಧ ಗಂಟೆ ಕುಳಿತು ಮಕ್ಕಳಿಗೆ ಏನು ಬೇಕಾಗಿದೆ ಎಂದು ತಿಳಿದುಕೊಳ್ಳಿ. ಸಾಧ್ಯವಾದರೆ ಜಮಖಾನದ ಮೇಲೆ ಕುಳಿತು ಮಕ್ಕಳಿಗೊಂದು ಪುಸ್ತಕ ಓದಿ ಹೇಳಿ.